ಅಪ್ಪನ ಕಿವಿ, ಅವ್ವನ ಕೈ

ಭಾನುವಾರ ಬೆಳಿಗ್ಗೆ ಒಂಬತ್ತಾಯಿತೆಂದರೆ ನಮ್ಮ ಮನೆಯಲ್ಲಿ ಫ್ಯಾನು ನಿಲ್ಲಿಸುತ್ತಿದ್ದರು. ಚೆನ್ನೈಯಲ್ಲಿ, ಅದೂ ಪುರಸೈವಾಕ್ಕಂನ ಜವಳಿ ಅಂಗಡಿಗಳ ಬೆನ್ನಿಗೆ ಅಂಟಿಕೊಂಡ ಓಣಿಯಲ್ಲಿ, ಮಹಡಿ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಮೇ ತಿಂಗಳಲ್ಲಿ ಫ್ಯಾನು ನಿಲ್ಲಿಸುವುದೆಂದರೆ ಏನೆಂದು ಅಲ್ಲಿ ಬೆವರಿದವರಿಗೇ ಗೊತ್ತು. ಅಪ್ಪನಿಗೆ ಅದರ ಲೆಕ್ಕವಿರಲಿಲ್ಲ. ಫ್ಯಾನಿನ ಸದ್ದು ಹಾಡಿನ ಮೇಲೆ ಧೂಳಿನ ಹಾಗೆ ಕೂರುತ್ತದೆ ಎನ್ನುತ್ತಿದ್ದ. ಓಣಿಯ ಕಡೆಯ ಕಿಟಕಿ ಮುಚ್ಚಿ, ಅದರ ಸಂದಿಗೆ ಹಳೆಯ ಪಂಚೆ ತುರುಕುವುದು ನನ್ನ ಕೆಲಸ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕೊಡಗಳಲ್ಲಿ ನೀರು ತುಂಬಿದೆಯೇ ಎಂದು ನೋಡುವುದೂ ನನ್ನದೇ. ಖಾಲಿ ಕೊಡಗಳು ಮಂದ್ರ ಸ್ವರ ಬಂದಾಗಲೆಲ್ಲ ತಾವೂ ಗುಂಯ್‌ಗುಡುತ್ತಿದ್ದವು. ನೀರಿನ ಲಾರಿ ಬಾರದ ವಾರ ಅಪ್ಪನಿಗೆ ಸಿಟ್ಟು ಬರುತ್ತಿದ್ದುದು ಕುಡಿಯಲು ನೀರಿಲ್ಲವೆಂದಲ್ಲ, ಮೃದಂಗದ ಎಡದ ದನಿ ಕೆಟ್ಟಿತೆಂದು. ಅವ್ವ ಇದನ್ನು ಓಣಿಯ ಹೆಂಗಸರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಅಪ್ಪ ಊರಂಚಿನ ಮಣಲಿಯ ಒಂದು ಎಣ್ಣೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಗದಗಿನ ಕಡೆಯಿಂದ ಬಂದವನು. ಮಣಲಿಯ ಹೊಗೆಗಾಳಿಯಲ್ಲಿ ಮಗನನ್ನು ಬೆಳೆಸಲಾರೆ ಎಂದು ದಿನಾ ಎರಡು ಬಸ್ಸು ಬದಲಿಸಿಕೊಂಡು ಪುರಸೈವಾಕ್ಕಂನಿಂದಲೇ ಹೋಗಿ ಬರುತ್ತಿದ್ದ. ಅಲ್ಲಿ ಗಾಳಿಯನ್ನು ಒತ್ತಿ ಕಳಿಸುವ ದೊಡ್ಡ ಯಂತ್ರಗಳ ಶೆಡ್ಡಿನಲ್ಲಿ ಅವನ ಕೆಲಸ. ಒಳಗೆ ಕಾಲಿಟ್ಟರೆ ಸದ್ದು ಕಿವಿಗಲ್ಲ, ಹಲ್ಲಿಗೆ ಕೇಳಿಸುತ್ತದೆ ಎಂದು ಒಮ್ಮೆ ಹೇಳಿದ್ದ. ಆ ಸದ್ದಿನಲ್ಲಿ ಆರು ದಿನ ಕಳೆದು ಏಳನೆಯ ದಿನ ಹಾಡು ಕೇಳುವುದಕ್ಕೆಂದೇ ಅವನು ಬದುಕಿದ್ದ ಎಂದರೆ ಹೆಚ್ಚು ಹೇಳಿದಂತಾಗದು. ನಮ್ಮ ಮನೆಯ ಆಂಪ್ಲಿಫೈಯರನ್ನು ಅವನೇ ಕೂಡಿಸಿದ್ದ. ಎದೆಯೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಅವನೇ ಕೊಯ್ದು, ಅಂಟಿಸಿ, ಒಳಗೆ ಅವ್ವನ ಹಳೆಯ ಕೌದಿಯ ಹತ್ತಿ ತುಂಬಿದ್ದ. ಮಂಚಕ್ಕೆ ಜಾಗವಿಲ್ಲದೆ ನಾವು ಮೂವರೂ ಚಾಪೆಯ ಮೇಲೆ ಮಲಗುತ್ತಿದ್ದೆವು. ಪೆಟ್ಟಿಗೆಗಳು ಮಾತ್ರ ಗೋಡೆಯಿಂದ ಎರಡು ಅಡಿ ಮುಂದೆ ಬಂದು ದೊರೆಗಳ ಹಾಗೆ ನಿಂತಿದ್ದವು.

ಕೇಳಲು ಬರುತ್ತಿದ್ದವರು ಒಬ್ಬರೇ, ಕೀಲ್ಪಾಕ್‌ನ ವೆಂಕಟೇಶ ರಾಯರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಮನೆತನ, ಆಫೀಸಿನ ಕೆಲಸ, ಹಣೆಯ ಮೇಲೆ ಅಕ್ಷತೆ, ಕೈಯಲ್ಲಿ ಬಟ್ಟೆಚೀಲದ ತುಂಬ ಗ್ರಾಮಫೋನ್ ತಟ್ಟೆಗಳು. ರೇಡಿಯೋ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಅಪ್ಪನಿಗೂ ಅವರಿಗೂ ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಜಗಳವಾಗಿ ಸ್ನೇಹವಾಗಿತ್ತಂತೆ. ಮೊದಮೊದಲು ನಮ್ಮ ಮನೆಯಲ್ಲಿ ಸುಲಿಯುವ ಬಾಳೆಹಣ್ಣು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಒಂದು ವರ್ಷದ ಮೇಲೆ ಚಹಾ. ಆಮೇಲೆ ಅವ್ವನ ಜೋಳದ ರೊಟ್ಟಿ, ಅದೂ ಚಟ್ನಿಪುಡಿಯನ್ನು ಕೇಳಿ ಹಾಕಿಸಿಕೊಂಡು. ಅವರ ಬಾಯಲ್ಲಿ ಒಂದು ಮಾತಿತ್ತು, ಮ್ಯೂಸಿಕಲ್. ಯಾರದೋ ಮನೆಯಲ್ಲಿ ವಿದೇಶದ ಸೆಟ್ಟು ಕೇಳಿ ಬಂದರೆ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕಾಣುತ್ತದೆ, ಗಾಯಕರು ಉಸಿರು ತೆಗೆದದ್ದೂ ಕೇಳುತ್ತದೆ, ಎಲ್ಲ ಸರಿ, ಆದರೆ ಮ್ಯೂಸಿಕಲ್ ಆಗಿಲ್ಲ ಎನ್ನುತ್ತಿದ್ದರು. ಹಾಗೆಂದರೇನು ಎಂದು ಅಪ್ಪ ಕೆಣಕುತ್ತಿದ್ದ. ರಾಯರು ಯೋಚಿಸಿ, ಕೇಳುವವನ ಕಾಲ್ಬೆರಳು ಅವನಿಗೇ ಗೊತ್ತಿಲ್ಲದೆ ಅಲ್ಲಾಡಬೇಕು ಎನ್ನುತ್ತಿದ್ದರು. ಅಪ್ಪನದು ಅಡುಗೆಯ ಮಾತು: ಹದ.

ಆ ಹದವನ್ನು ಅಪ್ಪ ಅಳೆಯುತ್ತಿದ್ದ ರೀತಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಭಾನುವಾರ ಹಾಡು ನಡೆಯುವಾಗ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ವಾರಕ್ಕಾಗುವಷ್ಟು ಅಕ್ಕಿಯನ್ನು ಮೊರದಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಅವಳಿಗೆ ರಾಗದ ಹೆಸರು ಗೊತ್ತಿರಲಿಲ್ಲ. ಸೆಟ್ಟು ಸರಿಯಿಲ್ಲದಿದ್ದರೆ ಅವಳ ಬೆರಳು ಚಟಚಟ ಓಡುತ್ತಿದ್ದವು, ಕೆಲಸ ಮುಗಿಸಿ ಎದ್ದುಹೋಗುವ ಅವಸರದಲ್ಲಿ. ಸರಿಯಾದರೆ ಬೆರಳು ನಿಧಾನವಾಗಿ, ತಾಳಕ್ಕೆ ಬಿದ್ದು, ಒಮ್ಮೊಮ್ಮೆ ಒಂದು ಕಲ್ಲನ್ನು ಹಿಡಿದುಕೊಂಡೇ ನಿಂತುಬಿಡುತ್ತಿದ್ದವು. ಅಪ್ಪ ಪೆಟ್ಟಿಗೆಯ ಹಿಂದೆ ಕೂತು, ಎತ್ತರದ ದನಿಗಳನ್ನು ನುಡಿಸುವ ಚಿಕ್ಕ ಸ್ಪೀಕರಿನ ದಾರಿಯಲ್ಲಿ ರೆಸಿಸ್ಟರ್ ಎಂಬ ಬೆರಳುದ್ದದ ಕಡ್ಡಿಯನ್ನು ಬದಲಿಸುತ್ತಿದ್ದ. ದೊಡ್ಡದು ಹಾಕಿದರೆ ದನಿ ಮೆತ್ತಗೆ, ಸಣ್ಣದು ಹಾಕಿದರೆ ಚುರುಕು. ಬೆಸುಗೆ ಹಾಕಿ, ಹಾಡು ಹಚ್ಚಿ, ಅವ್ವನ ಕೈ ನೋಡುತ್ತಿದ್ದ. ಕೈ ನಿಧಾನವಾದರೆ ಬೆಸುಗೆ ಕಡ್ಡಿ ಕೆಳಗಿಟ್ಟು ಹೇಳುತ್ತಿದ್ದ.

"ಹದಾ ಬಂತು ನೋಡ್ರಿ ರಾಯರ."

"ಬಂತು ಬಸಣ್ಣ. ಈಗ ಮ್ಯೂಸಿಕಲ್ ಆಯ್ತು. ನಿಮ್ಮನೆಯವ್ರಿಗೆ ಮೀಟರ್ ಅಂತ ಹೆಸರಿಡಬಹುದು."

ಹಾಡು ಮುಗಿದ ಮೇಲೆ ನನ್ನ ಸರದಿ. ಏನು ಕೇಳಿಸಿತು ಎಂದು ಅಪ್ಪ ಕೇಳುತ್ತಿದ್ದ, ನಾನು ಹೇಳಬೇಕಿತ್ತು. ಶಾಲೆಯಲ್ಲೂ ಓಣಿಯಲ್ಲೂ ತಮಿಳು ಆಡಿ ಬಂದ ನಾಲಿಗೆ, ನಾನು ತಮಿಳಿನಲ್ಲೇ ಶುರುಮಾಡುತ್ತಿದ್ದೆ. ಕನ್ನಡದಾಗ ಹೇಳು, ಹಾಡು ಅರ್ಧಾ ಕೇಳ್ದಂಗ ಆಗ್ತದ ಎಂದು ತಡೆಯುತ್ತಿದ್ದ. ಪಿಟೀಲಿನ ಹಿಂದೆ ಯಾರೋ ಕೆಮ್ಮಿದರು, ಮೂರನೆಯ ಸಲ ಅದೇ ಸಾಲು ಹಾಡುವಾಗ ಗಾಯಕರು ನಕ್ಕ ಹಾಗಿತ್ತು ಎಂದೆಲ್ಲ ನಾನು ಹೇಳಿದರೆ ರಾಯರು ತಟ್ಟೆಯನ್ನು ಮತ್ತೆ ಹಚ್ಚಿಸಿ ಪರೀಕ್ಷಿಸುತ್ತಿದ್ದರು. ನಾನು ಹೇಳಿದ್ದು ನಿಜವಾಗಿರುತ್ತಿತ್ತು. ಹುಡುಗನಿಗೆ ಕಿವಿ ಇದೆ ಎಂದು ಅವರು ಹೇಳಿದಾಗ ಅಪ್ಪ ನನ್ನ ಕಡೆ ನೋಡದೆ ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಿದ್ದ. ಅವನ ಸಂತೋಷ ಹಾಗೆಯೇ. ನನಗೆ ಬೇರೆ ಯಾವುದರಲ್ಲೂ ಹೊಗಳಿಕೆ ಸಿಕ್ಕಿರಲಿಲ್ಲ. ಒಂಬತ್ತನೆಯ ಕ್ಲಾಸು ನಪಾಸಾದ ಮೇಲೆ ನಾನು ಶಾಲೆ ಬಿಟ್ಟೆ. ರಿಚ್ಚಿ ಸ್ಟ್ರೀಟಿನ ಸಂದಿಯಲ್ಲಿ ಹರಿದ ಸ್ಪೀಕರುಗಳಿಗೆ ಹೊಸ ಕಾಗದದ ಬಟ್ಟಲು ಕೂರಿಸಿ ಕೊಡುವ ಅಂಗಡಿಯೊಂದಕ್ಕೆ ಸೇರಿದೆ. ಅಪ್ಪ ಒಂದು ವಾರ ಮಾತು ಬಿಟ್ಟ. ಆಮೇಲೆ ತನ್ನ ಒಳ್ಳೆಯ ಇಕ್ಕಳವೊಂದನ್ನು ತಂದು ನನ್ನ ಚೀಲದಲ್ಲಿ ಹಾಕಿದ. ಓದಿದವರಿಗಿಂತ ಕಡಿಮೆಯೆಂದು ನಾನು ಯಾವತ್ತೂ ತಲೆ ತಗ್ಗಿಸಿದವನಲ್ಲ. ಎರಡೇ ವರ್ಷದಲ್ಲಿ, ಒಡೆದ ಸ್ಪೀಕರಿನ ಮೇಲೆ ಬೆರಳಿಂದ ತಟ್ಟಿ ರೋಗ ಹೇಳುವಷ್ಟು ಕಲಿತೆ. ಕಷ್ಟದ ಗಿರಾಕಿ ಬಂದರೆ ಅಂಗಡಿಯ ಯಜಮಾನರು ನನ್ನನ್ನೇ ಕೂಗುತ್ತಿದ್ದರು.

ನಾನು ಅಂಗಡಿಗೆ ಸೇರುವ ಹೊತ್ತಿಗೇ ಮನೆಯ ಸೆಟ್ಟು ಕೆಡತೊಡಗಿತು. ಕೆಡತೊಡಗಿತು ಎಂದು ಆಗ ನಾನು ತಿಳಿದಿದ್ದೆ. ಅಪ್ಪ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಕಡ್ಡಿ ಬದಲಿಸುತ್ತಿದ್ದ, ಪ್ರತಿ ಸಲವೂ ಇನ್ನಷ್ಟು ಸಣ್ಣದು. ದನಿಯ ಮೇಲೆ ಕಂಬಳಿ ಹೊದಿಸಿದ ಹಾಗಿದೆ ಎನ್ನುತ್ತಿದ್ದ. ನಮಗೆ ಕೇಳಿಸುತ್ತಿದ್ದುದು ಕಂಬಳಿಯಲ್ಲ, ತಗಡು. ಹಾಡುವವರು ಸಕಾರ ಉಚ್ಚರಿಸಿದರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಮನೆಯಲ್ಲಿ ಬೇರೆ ಜಗಳಗಳೂ ಹುಟ್ಟಿದ್ದವು. ಅವ್ವ ಅಡುಗೆಮನೆಯಿಂದ ಮೂರು ಸಲ ಕರೆದರೂ ಅಪ್ಪ ಓಗೊಡುವುದಿಲ್ಲ ಎಂದು, ಉಪ್ಪು ಕೇಳಿದರೆ ತುಪ್ಪ ಕೊಡುತ್ತಾನೆ ಎಂದು. ಕೀಲ್ಪಾಕ್ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಾ ಎಂದು ಅವಳು ಒಮ್ಮೆ ಅಂದಳು. ಅಪ್ಪ ಊಟದ ತಟ್ಟೆ ಸರಿಸಿ ಎದ್ದುಹೋದ. ಅದೆಲ್ಲ ಗಂಡ ಹೆಂಡತಿಯ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಪೀಕರಿನ ರೋಗ ಹೇಳುವವನಿಗೆ ಎದುರಿಗಿದ್ದ ಮನುಷ್ಯನದು ಕಾಣಲಿಲ್ಲ. ಸೋಜಿಗವೆಂದರೆ ಭಾನುವಾರಗಳು ಮಾತ್ರ ಮೊದಲಿನಂತೆಯೇ ನಡೆಯುತ್ತಿದ್ದವು. ಅಪ್ಪ ಕಡ್ಡಿ ಬದಲಿಸುತ್ತಿದ್ದ, ಅವ್ವನ ಕೈ ನಿಧಾನವಾಗುತ್ತಿತ್ತು, ರಾಯರು ತಲೆದೂಗುತ್ತಿದ್ದರು, ನಾನೊಬ್ಬ ಹಲ್ಲು ಕಚ್ಚಿ ಕೂರುತ್ತಿದ್ದೆ. ಅವ್ವನಿಗೂ ರಾಯರಿಗೂ ಏನಾಗಿದೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ನನಗೆ ಆಗ ಹದಿನೇಳು. ಆ ಭಾನುವಾರ ಅಪ್ಪ ಮತ್ತೊಂದು ಸಣ್ಣ ಕಡ್ಡಿ ಹಾಕಿ ಹದ ಬಂತೆಂದ. ನಾನು ತಡೆಯಲಾರದೆ ಇದು ಹದವಲ್ಲ, ಕಿವಿ ಕೊಯ್ಯುತ್ತಿದೆ, ನಮ್ಮ ಅಂಗಡಿಗೆ ಇಂಥದ್ದು ಬಂದರೆ ಬಿಚ್ಚಿ ಎಸೆಯುತ್ತೇವೆ ಎಂದೆ. ಅಪ್ಪನಿಗೆ ನನ್ನ ಮಾತಿನಲ್ಲಿ ಅರ್ಧ ಕೇಳಿಸಿತೋ ಪೂರ್ತಿ ಕೇಳಿಸಿತೋ, ಮುಖ ಕೆಂಪಾಯಿತು. ರಾಯರ ಕಡೆ ತಿರುಗಿ ನಕ್ಕ.

"ನೋಡ್ರಿ ರಾಯರ, ಸಾಲಿ ಬಿಟ್ಟಾಂವ ನನಗ ಪಾಠಾ ಹೇಳಾಕ ಬಂದಾನ."

ಬೇರೆ ಯಾರಾದರೂ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಅಂಗಡಿಯಿಂದ ತಂದ ಒಂದು ಕ್ಯಾಸೆಟ್ ನನ್ನ ಚೀಲದಲ್ಲಿತ್ತು. ಸ್ಪೀಕರುಗಳನ್ನು ಪರೀಕ್ಷಿಸಲು ಇಟ್ಟುಕೊಂಡದ್ದು. ಹಾಡಿಲ್ಲ, ಬರೀ ಸಿಳ್ಳೆ, ತಗ್ಗಿನಿಂದ ಎತ್ತರಕ್ಕೆ ಒಂದೊಂದಾಗಿ ಏರುತ್ತ ಹೋಗುವುದು. ಅದನ್ನು ಸೆಟ್ಟಿಗೆ ಕೂಡಿಸಿದ್ದ ಟೇಪ್ ರೆಕಾರ್ಡರಿನಲ್ಲಿ ಹಚ್ಚಿ, ಕೇಳಿಸಿದಾಗಲೆಲ್ಲ ಬೆರಳೆತ್ತು ಎಂದು ಅಪ್ಪನಿಗೆ ಹೇಳಿದೆ. ರಾಯರು ಬೇಡವೋ ಎಂದರು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು ಬೆರಳು ಸಿದ್ಧಮಾಡಿಕೊಂಡ. ಮೊದಲ ಸಿಳ್ಳೆಗಳಿಗೆ ಬೆರಳು ತಟ್ಟನೆ ಎದ್ದಿತು. ಐದೋ ಆರೋ ಆದ ಮೇಲೆ ಸ್ವಲ್ಪ ತಡವಾಗಿ ಏಳತೊಡಗಿತು. ಆಗ ನಾನು ಅಪ್ಪನ ಕಣ್ಣು ನೋಡಿದೆ. ಅವು ಪೆಟ್ಟಿಗೆಯ ಮೇಲಿರಲಿಲ್ಲ, ಹೊಸ್ತಿಲಲ್ಲಿ ಕೂತ ಅವ್ವನ ಮೇಲಿದ್ದವು. ಸಿಳ್ಳೆ ಬಂದಾಗ ಅವ್ವನ ಹುಬ್ಬು ಗಂಟಾಗುತ್ತಿತ್ತು, ಹುಬ್ಬು ಗಂಟಾದ ಮೇಲೆ ಅಪ್ಪನ ಬೆರಳು ಏಳುತ್ತಿತ್ತು.

ಇಲ್ಲಿಯವರೆಗೆ ನಡೆದದ್ದನ್ನು ಹುಡುಗುಬುದ್ಧಿ ಎಂದು ನಾನು ಯಾರಿಗಾದರೂ ಹೇಳಿಕೊಳ್ಳಬಲ್ಲೆ. ಮುಂದಿನದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನನಗೆ ಅರ್ಥವಾಗಿತ್ತು. ಅರ್ಥವಾದ ಮೇಲೆಯೇ ನಾನು ಎದ್ದೆ. ಎರಡು ಹೆಜ್ಜೆ ನಡೆದು ಅಪ್ಪನಿಗೂ ಅವ್ವನಿಗೂ ನಡುವೆ ನಿಂತೆ. ಮುಂದಿನ ಸಿಳ್ಳೆ ಬಂತು. ಪೆಟ್ಟಿಗೆಯಲ್ಲಿ ಆ ಸಣ್ಣ ಕಡ್ಡಿ ಕೂತಿದ್ದರಿಂದ ಅದು ಕೋಣೆಯನ್ನು ಸೀಳುವಂತೆ ಕೂಗಿತು. ರಾಯರು ಕಿವಿಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡಿದರು. ಅಪ್ಪ ನನ್ನ ಸೊಂಟದ ಈಚೆಗೊಮ್ಮೆ ಆಚೆಗೊಮ್ಮೆ ಬಗ್ಗಿ ನೋಡಲು ಹೋಗಿ, ಹಾಗೆ ಮಾಡಬಾರದೆಂದು ಹೊಳೆದು ಮತ್ತೆ ನೆಟ್ಟಗೆ ಕೂತ. ಬೆರಳು ಮೊಣಕಾಲ ಮೇಲೆಯೇ ಇತ್ತು. ಆ ಕೂಗಿನ ನಡುವೆ, ಮೆಲ್ಲಗೆ ಕೇಳಿದ.

"ಹಚ್ಚಿದಿ ಏನಲೇ?"

ರಾಯರು ಟೇಪು ಹಳೆಯದು ಬಸಣ್ಣ, ಸರಿಯಾಗಿ ಬರಲಿಲ್ಲ ಎಂದು ಗಟ್ಟಿಯಾಗಿ ಹೇಳಿದರು. ಅಪ್ಪನಿಗೆ ದಾಟಲು ರಾಯರು ಒಂದು ಹಲಗೆ ಹಾಕಿಕೊಟ್ಟಿದ್ದರು. ಅಪ್ಪ ಅದರ ಮೇಲೆ ದಾಟಿಬಿಡುತ್ತಿದ್ದ. ನಾನು ಅದನ್ನೂ ಎಳೆದುಕೊಂಡೆ. ಬರುತ್ತಾ ಇದೆಯಲ್ಲ ಮಾಮ, ನಿಮಗೆ ಕೇಳಿಸಿತಲ್ಲ, ನೀವು ಕಿವಿ ಮುಚ್ಚಿಕೊಂಡಿರಲ್ಲ ಎಂದೆ. ಅವ್ವ ಮೊರ ಕೆಳಗಿಟ್ಟು ಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ತಾನೇ ಸ್ವಿಚ್ಚು ಆರಿಸಿದಳು. ಅವಳು ಅದುವರೆಗೆ ಒಂದು ದಿನವೂ ಆ ಸೆಟ್ಟನ್ನು ಮುಟ್ಟಿದವಳಲ್ಲ. ಅಪ್ಪ ಅವಳ ಮುಖ ನೋಡಿದ, ರಾಯರ ಮುಖ ನೋಡಿದ. ಅವರಿಬ್ಬರಿಗೂ ಮೊದಲೇ ಗೊತ್ತಿತ್ತು ಎನ್ನುವುದು ಅವನಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಬೈಯುತ್ತಾನೆ ಎಂದು ನಾನು ಕಾದೆ. ಅವನು ಬೆಸುಗೆ ಕಡ್ಡಿಯ ವೈರನ್ನು ನಿಧಾನಕ್ಕೆ ಸುತ್ತಿ ನನ್ನ ಕೈಗೆ ಕೊಟ್ಟು, ಇನ್ನ ನೀನ ನೋಡ್ಕೋ ಎಂದ. ರಾಯರ ತಟ್ಟೆಗಳನ್ನು ಚೀಲಕ್ಕೆ ಜೋಡಿಸಿ, ಅವರನ್ನು ಕೀಲ್ಪಾಕ್‌ವರೆಗೂ ನಡೆದೇ ಬಿಟ್ಟುಬಂದ. ದಾರಿಯಲ್ಲಿ ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ರಾಯರು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಮುಂದಿನ ವಾರ ನಾನು ಸೆಟ್ಟು ಬಿಚ್ಚಿದೆ. ಅಪ್ಪನ ಕಡ್ಡಿ ತೆಗೆದು, ಅಂಗಡಿಯ ಮೀಟರು ತಂದು ಅಳೆದು, ಸರಿಯಾದದ್ದು ಕೂರಿಸಿದೆ. ಹಾಡು ಬೆಣ್ಣೆಯ ಹಾಗೆ ಬಂತು. ಅಷ್ಟು ಚೆನ್ನಾಗಿ ಆ ಪೆಟ್ಟಿಗೆಗಳು ಯಾವತ್ತೂ ನುಡಿದಿರಲಿಲ್ಲ, ಇದನ್ನು ಹೆಮ್ಮೆಯಿಂದಲ್ಲ, ನಿಜವೆಂದು ಹೇಳುತ್ತಿದ್ದೇನೆ. ಕೇಳಲು ಯಾರೂ ಇರಲಿಲ್ಲ. ಅವ್ವ ಅಕ್ಕಿ ಆರಿಸುವುದನ್ನು ಶನಿವಾರಕ್ಕೆ ಬದಲಿಸಿದಳು. ಅಪ್ಪ ಕಾರ್ಖಾನೆಯಲ್ಲಿ ಭಾನುವಾರದ ಪಾಳಿ ಕೇಳಿ ಹಾಕಿಸಿಕೊಂಡ, ಅದೂ ಅದೇ ಯಂತ್ರಗಳ ಶೆಡ್ಡಿನಲ್ಲಿ. ವಾರಕ್ಕೊಂದು ರಜೆ ಮಂಗಳವಾರ ಸಿಗುತ್ತಿತ್ತು, ಆ ದಿನ ಮಲಗಿರುತ್ತಿದ್ದ. ಯಾಕೆ ಹಾಗೆ ಮಾಡಿದೆ ಎಂದು ಅವ್ವ ಕೇಳಿದ್ದಕ್ಕೆ, ಅಲ್ಲಿ ಎಲ್ಲಾರೂ ಕೈಸನ್ನಿಲೇ ಮಾತಾಡ್ತಾರ, ಆರಾಮ ಇರ್ತದ ಅಂದನಂತೆ.

ಇದನ್ನು ಅವ್ವ ನನಗೆ ಹೇಳಿದ್ದು ಮೂರು ತಿಂಗಳಾದ ಮೇಲೆ, ಒಂದು ಶನಿವಾರ. ಅಲ್ಲಿಯತನಕ ಅವಳು ನನಗೆ ಉಣ್ಣಲು ಬಡಿಸುತ್ತಿದ್ದಳೇ ಹೊರತು ಮಾತಾಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಮೂರು ವರ್ಷಾತು. ಕುಕ್ಕರ್ ಸೀಟಿ ಹೊಡದ್ರೂ ತಿರುಗಿ ನೋಡ್ತಿರ್ಲಿಲ್ಲ."

ಹಾಗಾದರೆ ಆ ಕೆಟ್ಟ ದನಿಗೆ ನಿನ್ನ ಕೈ ಹೇಗೆ ನಿಧಾನವಾಗುತ್ತಿತ್ತು ಎಂದೆ.

"ನಾನ ಮಾಡ್ತಿದ್ದೆ. ವಾರಾಪೂರ್ತಿ ದುಡದು ಬಂದಾಂವ, ಸೂಟಿ ದಿನಾನೂ ಬಿಚ್ಚೂದು, ಕೂಡ್ಸೂದು, ಬೆವರು ಸುರ್ಸೂದು. ನನ್ನ ಕಡೆ ನೋಡಿದ ಕೂಡ್ಲೆ ಕೈ ಸಾವಕಾಶ ಮಾಡ್ತಿದ್ದೆ. ಸಾಕಾತು ಅಂತ ಎದ್ದು ಉಣ್ಣಾಕ ಬರ್ತಿದ್ದ."

ಒಂದು ಕಲ್ಲು ಹೆಕ್ಕಿ ಎಸೆದು ಮತ್ತೆ ಅಂದಳು.

"ಅಂವಗ ಉಳದಿದ್ದ ಕಿವಿ ಅದೊಂದ ಇತ್ತು. ನೀ ಅಡ್ಡ ನಿಂತಿ."

ಆಗ ನನಗೆ ಇಡೀ ಮೂರು ವರ್ಷ ತಿರುವುಮುರುವಾಗಿ ಕಂಡಿತು. ಸೆಟ್ಟು ಕೆಟ್ಟಿರಲಿಲ್ಲ. ಅಪ್ಪನಿಗೆ ಕಿವಿ ಮಂದವಾದಷ್ಟೂ ಕಡ್ಡಿ ಸಣ್ಣದಾಗಿತ್ತು, ಕಡ್ಡಿ ಸಣ್ಣದಾದಾಗಲೆಲ್ಲ ಅವ್ವ ಸರಿ ಎಂದಿದ್ದಳು, ಅವ್ವ ಸರಿ ಎಂದದ್ದನ್ನು ರಾಯರು ಚುಚ್ಚುವ ದನಿಯಲ್ಲಿ ಕೂತು ಕೇಳಿ ಒಪ್ಪಿದ್ದರು. ಕಿವಿಯಿದ್ದವರು ಇಬ್ಬರೂ ಸುಮ್ಮನಿದ್ದರು. ಇವತ್ತು ನಾನು ಈ ಊರಿನ ದೊಡ್ಡ ದೊಡ್ಡ ಮನೆಗಳಿಗೆ ಹೋಗಿ ಸೆಟ್ಟು ಕೂರಿಸಿ ಬರುತ್ತೇನೆ. ಇದು ಮ್ಯೂಸಿಕಲ್ ಆಗಿದೆಯಾ ಎಂದು ಓದಿದವರು, ಕಾರಿದ್ದವರು ನನ್ನನ್ನು ಕೇಳುತ್ತಾರೆ. ನಾನು ಮಾಡಿದ ಕೆಲಸವನ್ನು ತೆಗಳಿದವರಿಲ್ಲ. ಆದರೆ ಆ ಮಾತಿಗೆ ನಮ್ಮ ಮನೆಯಲ್ಲಿ ಏನು ಅರ್ಥವಿತ್ತೆಂದು ಅವರಿಗೆ ನಾನು ಹೇಳಲಾರೆ. ಒಂದು ಕೋಣೆಯಲ್ಲಿ ಮೂವರು ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿದ್ದರು, ಹಾಡು ಅವರ ನಡುವೆ ಓಡಾಡುತ್ತಿತ್ತು. ಅಷ್ಟೇ.

ಅವ್ವ ಅದನ್ನು ಹೇಳಿದ ಮರುದಿನ ಭಾನುವಾರ. ಅಪ್ಪ ಸ್ನಾನಕ್ಕೆ ಹೋದಾಗ ನಾನು ಪೆಟ್ಟಿಗೆಯ ಬೆನ್ನು ಬಿಚ್ಚಿ ಅವನು ಕೊನೆಗೆ ಹಾಕಿದ್ದ ಕಡ್ಡಿಗಳನ್ನು ಮತ್ತೆ ಬೆಸೆದೆ. ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಪಾಳಿಗೆ ಹೊರಟ ಅಪ್ಪನಿಗೆ, ಒಂದು ಹಾಡು ಕೇಳಿ ಹೋಗು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದೆ. ಕೈಸನ್ನೆ ಮಾಡಿ ಹೇಳಿದೆ. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ. ನಾನು ಹಚ್ಚಿದೆ. ಮೂರು ತಿಂಗಳು ನಯವಾದ ದನಿಗೆ ಒಗ್ಗಿದ್ದ ನನ್ನ ಕಿವಿಗೆ ಅದು ಮೊದಲಿಗಿಂತಲೂ ಹರಿತವಾಗಿ ಬಂತು. ನಾನು ಮುಖವನ್ನು ಕಲ್ಲಿನ ಹಾಗಿಟ್ಟುಕೊಂಡೆ. ಕಾಲ್ಬೆರಳು ಅಲ್ಲಾಡಿಸಲೂ ನೋಡಿದೆ. ಅಪ್ಪ ಅಡುಗೆಮನೆಯ ಕಡೆ ಒಮ್ಮೆಯೂ ತಿರುಗಲಿಲ್ಲ. ಉದ್ದಕ್ಕೂ ನನ್ನನ್ನೇ ನೋಡುತ್ತಿದ್ದ. ಅರ್ಧ ಹಾಡಿಗೆ ಸಾಕೆಂದು ಕೈ ಎತ್ತಿದ.

"ನಂದ ಹಾಕೀಯೇನು?"

ನಾನು ಹೂಂ ಎಂದು ತಲೆಯಾಡಿಸಿದೆ. ಅವನು ಎದ್ದು ಚೀಲವನ್ನು ಹೆಗಲಿಗೇರಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಚೀಲಕ್ಕೆ ಇಕ್ಕಳ ಹಾಕಿದ ದಿನ ಎಷ್ಟು ಮೆತ್ತಗಿದ್ದನೋ ಅಷ್ಟೇ ಮೆತ್ತಗಿದ್ದ.

"ತಗದಬಿಡಪಾ. ಕೇಳಾವ್ರು ನೀವು."

ಮೆಟ್ಟಿಲಿಳಿದು ಹೋದ. ಅವನು ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ನಾನು ಆ ಕಡ್ಡಿಗಳನ್ನು ತೆಗೆದೆ. ಒಂದು ದಿನವಾದರೂ, ಅವನು ಸಂಜೆ ತಿರುಗಿ ಬರುವವರೆಗಾದರೂ ಹಾಗೇ ಬಿಡಬಹುದಿತ್ತು. ಆದರೆ ಆ ದನಿಯನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.